ಪೀಕ್ ಬೆಳಿಗ್ಗೆ 6.8 ನಿಮಿಷಕ್ಕೆ, ಸಂಜೆ 6.1 ನಿಮಿಷಕ್ಕೆ: ಇಂಥ ಮೆಥಡ್‌ಗೆ ವ್ಯಾಲಿಡೇಶನ್ ಮಾಡಬಹುದೇ?

ಪ್ರಶ್ನೆ: ನಾನು ಮಂಗಳೂರಿನಲ್ಲಿ ಎಂ.ಫಾರ್ಮ ಎರಡನೇ ವರ್ಷದ ವಿದ್ಯಾರ್ಥಿನಿ. ಟೆಲ್ಮಿಸಾರ್ಟನ್ 40 ಮಿ.ಗ್ರಾಂ ಮತ್ತು ಅಮ್ಲೋಡಿಪಿನ್ 5 ಮಿ.ಗ್ರಾಂ ಇರುವ ಮಾತ್ರೆಗೆ ಎಚ್‌ಪಿಎಲ್‌ಸಿ (ದ್ರಾವಣದ ಘಟಕಗಳನ್ನು ಕಾಲಂ ಎಂಬ ನಳಿಕೆಯಲ್ಲಿ ಬೇರ್ಪಡಿಸುವ ವಿಧಾನ) ಬಳಸಿ ಅಸ್ಸೇ ಮೆಥಡ್, ಅಂದರೆ ಔಷಧದ ಪ್ರಮಾಣ ಅಳೆಯುವ ಮೆಥಡ್ ಮಾಡುತ್ತಿದ್ದೇನೆ. 150 × 4.6 ಮಿ.ಮೀ., 5 ಮೈಕ್ರಾನ್ ಸಿ-18 ಕಾಲಂ; 20 ಮಿಲಿಮೋಲಾರ್ ಫಾಸ್ಫೇಟ್ ಬಫರ್ ಪಿಎಚ್ 4.5 ಮತ್ತು ಅಸಿಟೋನೈಟ್ರೈಲ್ 55:45. ಫ್ಲೋ 1 ಮಿ.ಲೀ.; ಓವನ್ 25 ಡಿಗ್ರಿ; ಡಿಟೆಕ್ಟರ್ 237 ನ್ಯಾನೊಮೀಟರ್. ಸ್ಯಾಂಪಲ್ ಮೆಥನಾಲ್‌ನಲ್ಲಿ, 20 ಮೈಕ್ರೊಲೀಟರ್ ಇಂಜೆಕ್ಷನ್. ಜನವರಿಯಲ್ಲಿ ಲೀನಿಯಾರಿಟಿ (ಸಾಂದ್ರತೆಗೆ ತಕ್ಕಂತೆ ಪೀಕ್ ನೇರ ಗೆರೆಯಲ್ಲಿ ಏರುವುದು) 0.9996 ಬಂದಿತ್ತು. ಈಗ ಮೇ ತಿಂಗಳಲ್ಲಿ ಟೆಲ್ಮಿಸಾರ್ಟನ್ ಪೀಕ್ ಬೆಳಿಗ್ಗೆ 6.8 ನಿಮಿಷಕ್ಕೆ ಬಂದರೆ ಸಂಜೆ 6.1ಕ್ಕೆ ಬರುತ್ತದೆ. ಅಮ್ಲೋಡಿಪಿನ್ ಟೇಲಿಂಗ್ (ಪೀಕ್‌ನ ಬಾಲ) 2.3. ಮಾತ್ರೆಯ ಪುಡಿಗೆ 80, 100, 120% ಸ್ಟಾಂಡರ್ಡ್ ಸೇರಿಸಿ ರಿಕವರಿ (ಸೇರಿಸಿದ್ದರಲ್ಲಿ ಅಳತೆಗೆ ಸಿಕ್ಕ ಪಾಲು) ನೋಡಿದರೆ ಅಮ್ಲೋಡಿಪಿನ್ 103ರಿಂದ 104% ಬರುತ್ತಿದೆ. 1.7 ನಿಮಿಷಕ್ಕೆ ಒಂದು ಚಿಕ್ಕ ಪೀಕ್ ಇದೆ, ಇಂಪ್ಯುರಿಟಿ ಇರಬಹುದೇ? ರೋಬಸ್ಟ್‌ನೆಸ್ (ಪಿಎಚ್, ಉಷ್ಣತೆ ಮುಂತಾದವನ್ನು ಸ್ವಲ್ಪ ಬದಲಿಸಿದಾಗಲೂ ಮೆಥಡ್ ನಿಲ್ಲುತ್ತದೆಯೇ ಎಂಬ ಪರೀಕ್ಷೆ) ಒಂದು ಬಾಕಿ ಇದೆ. ಅದನ್ನು ಮಾಡಿ ಹೀಗೆಯೇ ಬರೆದು ಮುಗಿಸಬಹುದೇ ಸರ್?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರುಮಾಡೋಣ. ಬೇಡ, ಹೀಗೆಯೇ ಮುಗಿಸಬೇಡಿ. ಮೆಥಡ್ ಸರಿಯಿದೆ ಎಂದು ದಾಖಲೆ ಸಮೇತ ತೋರಿಸುವುದಷ್ಟೇ ವ್ಯಾಲಿಡೇಶನ್ನಿನ ಕೆಲಸ. ಸರಿಯಿಲ್ಲದ್ದನ್ನು ಅದು ರಿಪೇರಿ ಮಾಡುವುದಿಲ್ಲ. ನೀವು ಹೇಳಿದ ತೊಂದರೆಗಳೆಲ್ಲ ಡೆವಲಪ್‌ಮೆಂಟ್ ಹಂತದಲ್ಲೇ ಹುಟ್ಟಿದವು. ಎರಡು ಅಂಕಿಗಳ ಮೇಲೆ ನನಗೆ ಮುಖ್ಯವಾಗಿ ಅನುಮಾನ: ಪಿಎಚ್ 4.5, ಓವನ್ 25 ಡಿಗ್ರಿ.

ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟನ್ನು ನೀರಿಗೆ ಹಾಕಿ ಕರಗಿಸಿದರೆ ಸಾಕು, ಮೀಟರ್ ತಾನಾಗಿ 4.5ರ ಆಸುಪಾಸು ತೋರಿಸುತ್ತದೆ. ಆಸಿಡ್ ಹನಿಸುವ ಕೆಲಸವೂ ಉಳಿಯಿತು. ಅದಕ್ಕೇ ಈ ‘ಫಾಸ್ಫೇಟ್ ಬಫರ್ ಪಿಎಚ್ 4.5’ ಒಂದು ಥೀಸಿಸ್‌ನಿಂದ ಇನ್ನೊಂದಕ್ಕೆ ದಾಟುತ್ತಲೇ ಇರುತ್ತದೆ. ಆದರೆ ನಿಜ ಹೇಳಬೇಕೆಂದರೆ ಅದು ಬಫರೇ ಅಲ್ಲ. ಫಾಸ್ಫೇಟ್‌ನ ಪಿಕೆಎ (ಅರ್ಧದಷ್ಟು ಅಣುಗಳು ಹೈಡ್ರೋಜನ್ ಅಯಾನು ಬಿಟ್ಟಿರುವ ಪಿಎಚ್) 2.1, 7.2 ಮತ್ತು 12.3. ಬಫರ್ ಆಗಿ ಅದು ಕೆಲಸ ಮಾಡುವುದು ಈ ಅಂಕಿಗಳ ಒಂದು ಯುನಿಟ್ ಆಚೀಚೆ ಮಾತ್ರ, ಅಂದರೆ ಸುಮಾರು 1.1ರಿಂದ 3.1 ಮತ್ತು 6.2ರಿಂದ 8.2. ನಿಮ್ಮ 4.5 ಬೀಳುವುದು ಎರಡರ ನಟ್ಟನಡುವೆ, ಫಾಸ್ಫೇಟ್‌ನ ಬಫರ್ ಶಕ್ತಿ ತಳ ಕಂಡಿರುವ ಜಾಗದಲ್ಲಿ. ನೀರಿನಲ್ಲಿ ಕರಗಿದ ಕಾರ್ಬನ್ ಡೈಆಕ್ಸೈಡ್, ಗಾಜಿನ ಪಾತ್ರೆಗೆ ಅಂಟಿ ಉಳಿದ ತೊಳೆಯುವ ಸಾಬೂನು, ಸ್ಯಾಂಪಲ್ ಜೊತೆ ಬರುವ ಕ್ಷಾರ, ಯಾವುದು ಬೇಕಾದರೂ ಅದನ್ನು ಆಚೀಚೆ ಎಳೆಯಬಲ್ಲದು.

ಇದೇ ಜಾಗದಲ್ಲಿ ಟೆಲ್ಮಿಸಾರ್ಟನ್ ಕೂಡ ಇಬ್ಬಂದಿಯಲ್ಲಿದೆ. ಅದರ ಪಿಕೆಎ ಸುಮಾರು 3.5, 4.1 ಮತ್ತು 6.0. 4.5ರಲ್ಲಿ ಒಂದಷ್ಟು ಅಣುಗಳು ಒಂದು ರೂಪದಲ್ಲಿ, ಉಳಿದವು ಇನ್ನೊಂದರಲ್ಲಿ ಇರುತ್ತವೆ. ಪಿಕೆಎ ಹತ್ತಿರ ಪಿಎಚ್ 0.1 ಬದಲಾದರೆ ಅಯಾನು ರೂಪದ ಪಾಲು ಐದಾರು ಶೇಕಡಾ ಬದಲಾಗುತ್ತದೆ, ರಿಟೆನ್ಶನ್, ಅಂದರೆ ಔಷಧ ಕಾಲಂನಲ್ಲಿ ಅಂಟಿ ನಿಲ್ಲುವ ಹೊತ್ತು, ಅದರ ಹಿಂದೆಯೇ ಹೋಗುತ್ತದೆ. ಸಾಮಾನ್ಯ ಪಿಎಚ್ ಮೀಟರನ್ನು ಬೇರೆ ಬೇರೆ ದಿನ ಕ್ಯಾಲಿಬ್ರೇಟ್ ಮಾಡಿದಾಗ ಬರುವ ವ್ಯತ್ಯಾಸವೇ 0.05ರಿಂದ 0.1. ಹಾಗಾಗಿ ನೀವು ಎಷ್ಟೇ ಎಚ್ಚರದಿಂದ ಬಫರ್ ಮಾಡಿದರೂ ಸೋಮವಾರದ ಬಾಟಲಿಯೂ ಗುರುವಾರದ ಬಾಟಲಿಯೂ ಒಂದೇ ಥರ ಇರಲಾರವು.

ಪಿಎಚ್ 2.5ಕ್ಕೆ ಬನ್ನಿ. ಅಲ್ಲಿ ಫಾಸ್ಫೇಟ್ ಗಟ್ಟಿಯಾಗಿ ನಿಲ್ಲುತ್ತದೆ, ಟೆಲ್ಮಿಸಾರ್ಟನ್ ತನ್ನ ಕಡಿಮೆ ಪಿಕೆಎಯಿಂದಲೂ ಒಂದು ಯುನಿಟ್ ದೂರ ಇರುತ್ತದೆ, ಸಿಲಿಕಾ ಕಾಲಂಗೆ ಸಾಮಾನ್ಯವಾಗಿ ಹೇಳುವ ಕೆಳಮಿತಿ 2.0ರ ಒಳಗೂ ಹೋಗುವುದಿಲ್ಲ. ಅಮ್ಲೋಡಿಪಿನ್‌ನ ಅಮೈನ್ ಪಿಕೆಎ 9ರ ಹತ್ತಿರ ಇರುವುದರಿಂದ ಅದು 4.5ರಲ್ಲೂ 2.5ರಲ್ಲೂ ಧನ ಅಯಾನು. ಅದಕ್ಕೆ ಈ ಬದಲಾವಣೆ ಬೇರೆ ಕಾರಣಕ್ಕೆ ಒಳ್ಳೆಯದು, ಮುಂದೆ ಹೇಳುತ್ತೇನೆ. 1 ಲೀಟರ್ ನೀರಿಗೆ 2.72 ಗ್ರಾಂ ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್ ಹಾಕಿದರೆ 20 ಮಿಲಿಮೋಲಾರ್. ಆರ್ಥೋಫಾಸ್ಫಾರಿಕ್ ಆಸಿಡ್ ಹನಿಸಿ 2.50 ± 0.05ಕ್ಕೆ ತನ್ನಿ, 4.0 ಮತ್ತು 7.0ರ ಬಫರ್‌ನಲ್ಲಷ್ಟೇ ಕ್ಯಾಲಿಬ್ರೇಟ್ ಮಾಡಿದ ಮೀಟರ್ ಇಲ್ಲಿ ಸಾಲದು, 2.0 ಅಥವಾ 1.68ರ ಬಫರ್ ಕೂಡ ಬೇಕು. ಪಿಎಚ್ ಅಳೆಯುವುದು ಅಸಿಟೋನೈಟ್ರೈಲ್ ಸೇರಿಸುವ ಮೊದಲು. ಆಮೇಲೆ 0.45 ಮೈಕ್ರಾನ್ ಫಿಲ್ಟರ್.

ಬಫರ್ ಮತ್ತು ಅಸಿಟೋನೈಟ್ರೈಲನ್ನು ಬೇರೆ ಬೇರೆ ಸಿಲಿಂಡರ್‌ಗಳಲ್ಲಿ ಅಳೆದು ಕೂಡಿಸಿ. ಒಂದೇ ಸಿಲಿಂಡರ್‌ಗೆ 550 ಮಿ.ಲೀ. ಬಫರ್ ಹೊಯ್ದು ಅಸಿಟೋನೈಟ್ರೈಲ್‌ನಿಂದ 1000ಕ್ಕೆ ತುಂಬಿಸುವ ಅಭ್ಯಾಸ ಕೆಲವರಿಗಿದೆ. ಎರಡೂ ಕೂಡಿದಾಗ ಗಾತ್ರ ಕುಗ್ಗುತ್ತದೆ, ದ್ರಾವಣ ತಣ್ಣಗಾಗುತ್ತದೆ. ಹೀಗೆ ತುಂಬಿಸಿದರೆ ಅಸಿಟೋನೈಟ್ರೈಲ್ ಹೆಚ್ಚಾಗಿ ಹೋಗಿರುತ್ತದೆ. ಇದು ಸಣ್ಣ ವಿಷಯವಲ್ಲ. ರಿವರ್ಸ್ ಫೇಸ್‌ನಲ್ಲಿ (ಸಿ-18ರಂಥ ಕಾಲಂಗಳಲ್ಲಿ) ಆರ್ಗಾನಿಕ್ ಭಾಗ, ಇಲ್ಲಿ ಅಸಿಟೋನೈಟ್ರೈಲ್, 10% ಹೆಚ್ಚಿದರೆ ರಿಟೆನ್ಶನ್ ಫ್ಯಾಕ್ಟರ್ ಸುಮಾರು ಮೂರನೇ ಒಂದಕ್ಕೆ ಇಳಿಯುತ್ತದೆ ಎಂಬುದು ಹಳೆಯ ಅಂದಾಜು. ಆ ಲೆಕ್ಕದಲ್ಲಿ ಬರೀ 1% ವ್ಯತ್ಯಾಸಕ್ಕೂ ಹತ್ತು ಶೇಕಡಾ ಜಾರುತ್ತದೆ. ಸೆಕೆಯಲ್ಲಿ ಬಾಯಿ ತೆರೆದ ಬಾಟಲಿಯಿಂದ ಅಸಿಟೋನೈಟ್ರೈಲ್ ಆವಿಯಾಗುವುದೂ ಇದೇ ಖಾತೆಗೆ. ಆದರೆ ಆವಿಯಾದರೆ ಪೀಕ್ ತಡವಾಗಬೇಕು. ನಿಮ್ಮದು ಬೇಗ ಬರುತ್ತಿದೆ.

ಹಾಗಾದರೆ ಬೆಳಿಗ್ಗೆಯಿಂದ ಸಂಜೆಗೆ ಬೇಗ ಬರುವಂತೆ ಮಾಡುತ್ತಿರುವುದು ಯಾವುದು? ಉತ್ತರ ಬಹುಶಃ ನಿಮ್ಮ ಓವನ್‌ನಲ್ಲಿದೆ. ಅನೇಕ ಕಾಲಂ ಓವನ್‌ಗಳು ಬಿಸಿ ಮಾಡಬಲ್ಲವು, ತಣ್ಣಗೆ ಮಾಡಲಾರವು. ಅಂಥ ಓವನ್‌ಗೆ 25 ಎಂದು ಸೆಟ್ ಮಾಡಿದರೆ, ಮೇ ತಿಂಗಳ ಮಂಗಳೂರಿನಲ್ಲಿ ಎಸಿ ಸೋತ ಮಧ್ಯಾಹ್ನ 32 ಡಿಗ್ರಿಯ ಕೋಣೆಯಲ್ಲಿ ಅದು ಸುಮ್ಮನೆ ಒಂದು ಪೆಟ್ಟಿಗೆ. ಸೆಟ್ ಮಾಡಿದ ಅಂಕಿಯನ್ನು ನೋಡಬೇಡಿ, ನಿಜವಾದ ಉಷ್ಣತೆ ತೋರಿಸುವ ಅಂಕಿಯನ್ನು ಬೆಳಿಗ್ಗೆ ಒಮ್ಮೆ, ಮೂರು ಗಂಟೆಗೆ ಒಮ್ಮೆ ಬರೆದುಕೊಳ್ಳಿ. ಒಂದು ಡಿಗ್ರಿಗೆ ರಿಟೆನ್ಶನ್ 1ರಿಂದ 2% ಇಳಿಯುತ್ತದೆ. 6.8ರಿಂದ 6.1 ಎಂದರೆ ಹತ್ತು ಶೇಕಡಾ. ಆರೇಳು ಡಿಗ್ರಿ ಏರಿದರೆ ಅಷ್ಟಾಯಿತು. ಜನವರಿಯಲ್ಲಿ ಎಲ್ಲವೂ ಸರಿಯಾಗಿ ಬಂದದ್ದರ ಗುಟ್ಟೂ ಇಲ್ಲೇ ಇರಬಹುದು.

ಆದರೂ ಊಹೆಯ ಮೇಲೆ ನಿಲ್ಲಬೇಡಿ, ಪರೀಕ್ಷೆ ಸುಲಭವಿದೆ, ಅದಕ್ಕೆ ಬೇಕಾದ ಗುರುತನ್ನು ನೀವೇ ಕಳಿಸಿದ್ದೀರಿ: ಆ 1.7 ನಿಮಿಷದ ಪೀಕ್. 150 × 4.6ರ ಕಾಲಂನಲ್ಲಿ 1 ಮಿ.ಲೀ. ಫ್ಲೋಗೆ ಏನೂ ಅಂಟದ ವಸ್ತು ಹೊರಬರುವುದು ಸುಮಾರು 1.5 ನಿಮಿಷಕ್ಕೆ. 1.7 ಅದರ ಬೆನ್ನಿಗೇ ಇದೆ. ಅದು ಬೆಳಿಗ್ಗೆಯೂ ಸಂಜೆಯೂ 1.7ಕ್ಕೇ ಬಂದು ಟೆಲ್ಮಿಸಾರ್ಟನ್ ಮಾತ್ರ ಜಾರಿದರೆ ಪಂಪ್ ಸರಿಯಿದೆ, ತಪ್ಪು ಉಷ್ಣತೆಯದ್ದು ಅಥವಾ ಮೊಬೈಲ್ ಫೇಸ್‌ನದ್ದು (ಕಾಲಂ ಮೂಲಕ ಹರಿಯುವ ಬಫರ್-ಅಸಿಟೋನೈಟ್ರೈಲ್ ಮಿಶ್ರಣದ್ದು). ಎರಡೂ ಒಂದೇ ಪ್ರಮಾಣದಲ್ಲಿ ಜಾರಿದರೆ ಫ್ಲೋ ನೋಡಿ: 10 ಮಿ.ಲೀ. ವಾಲ್ಯುಮೆಟ್ರಿಕ್ ಫ್ಲಾಸ್ಕ್ ತುಂಬಲು 10 ನಿಮಿಷ ಹಿಡಿಯಬೇಕು, ಆರು ಸೆಕೆಂಡಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಚೆಕ್ ವಾಲ್ವ್ ಅಥವಾ ಪಿಸ್ಟನ್ ಸೀಲ್ ನೋಡಿಸಿ. ಪಂಪ್ ಎರಡು ಬಾಟಲಿಗಳಿಂದ ತಾನೇ ಬೆರೆಸುತ್ತಿದ್ದರೆ, ಮೊದಲೇ ಬೆರೆಸಿದ ಒಂದು ಬಾಟಲಿ ಹಾಕಿ ಒಂದು ದಿನ ಓಡಿಸಿ ನೋಡಿ. ಜಾರುವುದು ನಿಂತರೆ ಬೆರೆಸುವ ವಾಲ್ವ್ ಕಳ್ಳ.

ಓವನ್ ಕೋಣೆಗಿಂತ ಕನಿಷ್ಠ ಐದು ಡಿಗ್ರಿ ಮೇಲಿರಬೇಕು. ಕರಾವಳಿಯಲ್ಲಿ ಇದರ ಅರ್ಥ 40 ಡಿಗ್ರಿ. 35 ಇಟ್ಟರೆ ಅಸ್ಸೇ ನಡೆದೀತು, ಆದರೆ ರೋಬಸ್ಟ್‌ನೆಸ್‌ಗೆ ಐದು ಡಿಗ್ರಿ ಕೆಳಗೆ, ಅಂದರೆ 30ಕ್ಕೆ ಹೋಗಬೇಕಾದಾಗ ಮತ್ತೆ ಇದೇ ಗೋಳು. 40ರಲ್ಲಿ ಇನ್ನೊಂದು ಲಾಭ, ಪ್ರೆಶರ್ ಇಳಿಯುತ್ತದೆ.

ಆ 1.7ರ ಪೀಕ್ ಇಂಪ್ಯುರಿಟಿ ಅಲ್ಲ ಎಂದು ಹೆಚ್ಚುಕಡಿಮೆ ಧೈರ್ಯವಾಗಿ ಹೇಳಬಹುದು. ಅಮ್ಲೋಡಿಪಿನ್ ಮಾತ್ರೆಯಲ್ಲಿರುವುದು ಬೆಸಿಲೇಟ್ ಲವಣ. ಅದರ ಬೆಂಜೀನ್ ಸಲ್ಫೋನೇಟ್ ಭಾಗ ಕಾಲಂಗೆ ಬಹಳ ಕಡಿಮೆ ಅಂಟುತ್ತದೆ, 237ರಲ್ಲಿ ಕಾಣುತ್ತದೆ. ಟೆಲ್ಮಿಸಾರ್ಟನ್ ಸ್ಟಾಂಡರ್ಡ್ ಒಂದನ್ನೇ, ಅಮ್ಲೋಡಿಪಿನ್ ಬೆಸಿಲೇಟ್ ಒಂದನ್ನೇ, ಖಾಲಿ ಡೈಲ್ಯುಯೆಂಟನ್ನು (ಸ್ಯಾಂಪಲ್ ಕರಗಿಸುವ ದ್ರಾವಕವನ್ನು), ಹೀಗೆ ಮೂರು ಇಂಜೆಕ್ಷನ್ ಮಾಡಿ. ಎರಡನೆಯದರಲ್ಲಿ ಮಾತ್ರ ಬಂದರೆ ಅನುಮಾನ ಪರಿಹಾರ. ಸ್ಪೆಸಿಫಿಸಿಟಿ (ಬೇರೆ ವಸ್ತು ಅಳತೆಗೆ ಅಡ್ಡ ಬರುವುದಿಲ್ಲ ಎಂದು ತೋರಿಸುವ) ಅಧ್ಯಾಯದಲ್ಲಿ ಈ ಮೂರು ಕ್ರೋಮ್ಯಾಟೋಗ್ರಾಂಗಳನ್ನು ಹಾಕಲು ಮರೆಯಬೇಡಿ, ವೈವಾದಲ್ಲಿ ಕೇಳಿಯೇ ಕೇಳುತ್ತಾರೆ.

ಬೆಸಿಲೇಟ್ ವಿಷಯ ಬಂದಾಗ ತೂಕದ ಮಾತನ್ನೂ ಹೇಳಿಬಿಡುತ್ತೇನೆ. ಲೇಬಲ್ ಮೇಲಿನ 5 ಮಿ.ಗ್ರಾಂ ಅಮ್ಲೋಡಿಪಿನ್ ಬೇಸ್‌ನದು. ಬೇಸ್‌ನ ಅಣುತೂಕ 408.88, ಬೆಸಿಲೇಟ್‌ನದು 567.05, ಗುಣಕ 0.7211. 5 ಮಿ.ಗ್ರಾಂ ಬೇಸ್‌ಗೆ 6.93 ಮಿ.ಗ್ರಾಂ ಬೆಸಿಲೇಟ್ ಬೇಕು. ನಾಲ್ಕು ದಶಮಾಂಶದ ತಕ್ಕಡಿಯಲ್ಲಿ 6.93 ಮಿ.ಗ್ರಾಂ ತೂಗಿದರೆ ಕೊನೆಯ ಅಂಕಿ ಒಂದು ಆಚೀಚೆ ಆದರೂ ಒಂದೂವರೆ ಶೇಕಡಾ ಹೋಯಿತು. ಅಮೆರಿಕದ ಫಾರ್ಮಕೋಪಿಯಾದ ನಿಯಮದ ಪ್ರಕಾರ 0.1 ಮಿ.ಗ್ರಾಂ ಓದುವ ತಕ್ಕಡಿಯಲ್ಲಿ 82 ಮಿ.ಗ್ರಾಂಗಿಂತ ಕಡಿಮೆ ತೂಗುವಂತಿಲ್ಲ, 0.01 ಮಿ.ಗ್ರಾಂ ಓದುವ ತಕ್ಕಡಿಯಲ್ಲಿ 8.2ರ ತನಕ ಇಳಿಯಬಹುದು. ಇವು ಅತ್ಯಂತ ಕಡಿಮೆ ಮಿತಿಗಳು, ತಕ್ಕಡಿ ಕಂಪನ ಇರುವ ಮೇಜಿನ ಮೇಲಿದ್ದರೆ ಇನ್ನೂ ಮೇಲೆ ಹೋಗುತ್ತವೆ. ಆದ್ದರಿಂದ 138.7 ಮಿ.ಗ್ರಾಂ ಬೆಸಿಲೇಟ್ ತೂಗಿ 100 ಮಿ.ಲೀ.ಗೆ ಮಾಡಿ, ಅದು ಮಿ.ಲೀ.ಗೆ 1000 ಮೈಕ್ರೊಗ್ರಾಂ ಬೇಸ್. ಅದರ 5 ಮಿ.ಲೀ. 50ಕ್ಕೆ ಹೋದರೆ 100 ಮೈಕ್ರೊಗ್ರಾಂ. ಟೆಲ್ಮಿಸಾರ್ಟನ್ 160 ಮಿ.ಗ್ರಾಂ 200 ಮಿ.ಲೀ.ಗೆ, ಅಂದರೆ ಮಿ.ಲೀ.ಗೆ 800. ಎರಡರಿಂದಲೂ 5 ಮಿ.ಲೀ. ತೆಗೆದು ಮೊಬೈಲ್ ಫೇಸ್‌ನಿಂದ 50ಕ್ಕೆ ತುಂಬಿಸಿದರೆ 80 ಮತ್ತು 10 ಮೈಕ್ರೊಗ್ರಾಂ. ಮಾತ್ರೆಯ ಕಡೆಯಿಂದ: ಒಂದು ಮಾತ್ರೆಯ ತೂಕದಷ್ಟು ಪುಡಿ 50 ಮಿ.ಲೀ. ಮೆಥನಾಲ್‌ಗೆ, ಸೋಸಿ 5 ಮಿ.ಲೀ. ತೆಗೆದು ಮೊಬೈಲ್ ಫೇಸ್‌ನಲ್ಲಿ 50ಕ್ಕೆ. ಅದೇ 80 ಮತ್ತು 10.

ಸ್ಟಾಂಡರ್ಡನ್ನು ಯಾವಾಗಲೂ ಎರಡು ಸಲ ಪ್ರತ್ಯೇಕವಾಗಿ ತೂಗಿ ಮಾಡಿ. ಏರಿಯಾವನ್ನು ತೂಕದಿಂದ ಭಾಗಿಸಿದಾಗ ಎರಡೂ 2%ನೊಳಗೆ ಹೊಂದದಿದ್ದರೆ ಮುಂದೆ ಹೋಗಬೇಡಿ. ವ್ಯಾಲಿಡೇಶನ್ನಿನ ಅರ್ಧ ತಲೆನೋವು ಇಲ್ಲೇ ಸಿಕ್ಕಿಬೀಳುತ್ತದೆ.

ಈಗ ಟೇಲಿಂಗ್. ಮೊದಲು ನೋಡಬೇಕಾದ್ದು, ಬಾಲ ಎಲ್ಲ ಪೀಕ್‌ಗಳಿಗೂ ಇದೆಯೇ, ಒಂದಕ್ಕೇ ಇದೆಯೇ ಎಂಬುದು. ಎಲ್ಲಕ್ಕೂ ಇದ್ದರೆ ಕಾಲಂ ತಲೆಯಲ್ಲಿ ಟೊಳ್ಳು ಬಿದ್ದಿದೆ, ಫ್ರಿಟ್ ಕಟ್ಟಿದೆ ಅಥವಾ ಟ್ಯೂಬಿಂಗ್ ಜೋಡಣೆ ಸಡಿಲ. ಅಮ್ಲೋಡಿಪಿನ್‌ಗೆ ಮಾತ್ರ ಇದ್ದರೆ ಅದು ಅಮೈನ್ ಮತ್ತು ಸಿಲಿಕಾ ಮೇಲ್ಮೈಯ ಸಿಲನಾಲ್‌ಗಳ ಜಗಳ. ಪಿಎಚ್ 4.5ರಲ್ಲಿ ಸಿಲನಾಲ್‌ಗಳಲ್ಲಿ ಒಂದಷ್ಟು ಋಣ ಅಯಾನುಗಳಾಗಿ ಅಮೈನನ್ನು ಹಿಡಿದೆಳೆಯುತ್ತವೆ, 2.5ರಲ್ಲಿ ಬಹುಪಾಲು ಸುಮ್ಮನಾಗುತ್ತವೆ. ಒಳ್ಳೆಯ ಎಂಡ್‌ಕ್ಯಾಪ್ ಮಾಡಿದ ಹೊಸ ತಲೆಮಾರಿನ ಸಿ-18 ಇದ್ದರೆ ಟೇಲಿಂಗ್ 1.5ರ ಕೆಳಗೆ ಬರಬೇಕು. ಟ್ರೈಈಥೈಲ್ ಅಮೈನ್ ಹಾಕಿ ಎಂದು ಯಾರಾದರೂ ಹೇಳಿಯಾರು. ಹಳೆಯ ಕಾಲಂಗಳ ಕಾಲದ ಮದ್ದು ಅದು; ಕಾಲಂ ಸಮತೋಲನಕ್ಕೆ ಬರುವುದು ನಿಧಾನ, ಒಮ್ಮೆ ಬಳಸಿದ ಕಾಲಂನಿಂದ ಪೂರ್ತಿ ಬಿಡಿಸುವುದು ಕಷ್ಟ. ಕೊನೆಯ ಉಪಾಯವಾಗಿ ಇಟ್ಟುಕೊಳ್ಳಿ. ಇಂಜೆಕ್ಷನ್ 20ರಿಂದ 5 ಮೈಕ್ರೊಲೀಟರ್‌ಗೆ ಇಳಿಸಿದಾಗ ಆಕಾರ ಸುಧಾರಿಸಿದರೆ ತಪ್ಪು ಓವರ್‌ಲೋಡ್‌ನದು, ಇಲ್ಲವೇ ಸ್ಯಾಂಪಲ್ ದ್ರಾವಕದ್ದು. ನೀವು ಪೂರಾ ಮೆಥನಾಲ್ ಇಂಜೆಕ್ಟ್ ಮಾಡುತ್ತಿದ್ದೀರಿ; ಮೊಬೈಲ್ ಫೇಸ್‌ಗಿಂತ ಬಲವಾದ ದ್ರಾವಕದಲ್ಲಿ ಬಂದ ಸ್ಯಾಂಪಲ್ ಕಾಲಂ ತಲೆಯಲ್ಲಿ ಒಂದು ಕಡೆ ನಿಲ್ಲದೆ ಹರಡುತ್ತದೆ. ಮೇಲೆ ಹೇಳಿದಂತೆ ಕೊನೆಯ ಡೈಲ್ಯುಶನ್ ಮೊಬೈಲ್ ಫೇಸ್‌ನಲ್ಲಿ ಮಾಡಿದರೆ ಇದು ತಾನಾಗಿ ಹೋಗುತ್ತದೆ.

ಪಿಎಚ್ ಬದಲಿಸಿದ ಮೇಲೆ 55:45 ನಡೆಯುತ್ತದೆಯೋ ಇಲ್ಲವೋ ಎಂದು ಕತ್ತಲಲ್ಲಿ ತಡಕಾಡಬೇಡಿ. 0.1% ಆರ್ಥೋಫಾಸ್ಫಾರಿಕ್ ಆಸಿಡ್ ಮತ್ತು ಅಸಿಟೋನೈಟ್ರೈಲ್ ಇಟ್ಟು 20 ನಿಮಿಷದಲ್ಲಿ 10ರಿಂದ 90%ಗೆ ಒಂದು ಗ್ರೇಡಿಯೆಂಟ್ ಓಡಿಸಿ. ಪೊಟ್ಯಾಸಿಯಂ ಫಾಸ್ಫೇಟ್ ಇಟ್ಟು 90ರ ತನಕ ಹೋಗಬೇಡಿ, 70% ದಾಟಿದರೆ ಲವಣ ಪಂಪ್‌ನಲ್ಲೇ ಹರಳುಗಟ್ಟಬಹುದು. ಬೆಸಿಲೇಟ್ ಬಿಟ್ಟು ಮೊದಲ ಮತ್ತು ಕೊನೆಯ ಪೀಕ್‌ಗಳ ನಡುವಿನ ಅಂತರ ಗ್ರೇಡಿಯೆಂಟ್ ಸಮಯದ ಕಾಲು ಭಾಗದೊಳಗೆ, ಅಂದರೆ 5 ನಿಮಿಷದೊಳಗೆ ಇದ್ದರೆ ಐಸೊಕ್ರಾಟಿಕ್ (ಉದ್ದಕ್ಕೂ ಒಂದೇ ಮಿಶ್ರಣ) ಸಾಕು. 8 ನಿಮಿಷ ದಾಟಿದರೆ ಗ್ರೇಡಿಯೆಂಟೇ ಗತಿ. ಗುರಿ ಏನೆಂದರೆ ರಿಟೆನ್ಶನ್ ಫ್ಯಾಕ್ಟರ್ 2ರಿಂದ 10, ಅಂದರೆ ನಿಮ್ಮ ಕಾಲಂನಲ್ಲಿ 4.5ರಿಂದ 16.5 ನಿಮಿಷದೊಳಗೆ. ರೆಸೊಲ್ಯೂಶನ್ (ಎರಡು ಪೀಕ್‌ಗಳ ಬೇರ್ಪಡಿಕೆ) 2ಕ್ಕಿಂತ ಮೇಲೆ ಎಂದು ಪುಸ್ತಕ ಹೇಳುತ್ತದೆ. ನಿಮಗೆ ಇನ್ನೂ ಹೆಚ್ಚು ಬೇಕು. ಎಂಟು ಪಟ್ಟು ದೊಡ್ಡ ಟೆಲ್ಮಿಸಾರ್ಟನ್ ಪೀಕ್‌ನ ಬಾಲದ ಮೇಲೆ ಅಮ್ಲೋಡಿಪಿನ್ ಕೂತರೆ, ಇಂಟಿಗ್ರೇಶನ್ ಗೆರೆ ಎಲ್ಲಿ ಬೀಳುತ್ತದೆ ಎನ್ನುವುದರ ಮೇಲೆ ಅದರ ಏರಿಯಾ ಶೇಕಡಾ ಎರಡು ಮೂರು ಏರುಪೇರಾಗುತ್ತದೆ. ಪುಟ್ಟ ಪೀಕ್ ಮೊದಲು ಬರುವಂತೆ ಮಾಡಲು ಆದರೆ ಅದೇ ಲೇಸು.

ಪಿಡಿಎ (ಹಲವು ತರಂಗಾಂತರಗಳನ್ನು ಒಟ್ಟಿಗೆ ನೋಡುವ) ಡಿಟೆಕ್ಟರ್ ಇದ್ದರೆ ಅಮ್ಲೋಡಿಪಿನ್‌ಗೆ 238, ಟೆಲ್ಮಿಸಾರ್ಟನ್‌ಗೆ 298 ನ್ಯಾನೊಮೀಟರ್ ತೆಗೆದುಕೊಳ್ಳಿ. ಇಲ್ಲದಿದ್ದರೆ 237ರಲ್ಲೇ ಇರಿ, ಆದರೆ 120% ಮಟ್ಟದಲ್ಲೂ ಟೆಲ್ಮಿಸಾರ್ಟನ್ ಎತ್ತರ 1000 ಮಿಲಿ-ಅಬ್ಸಾರ್ಬನ್ಸ್ ಯುನಿಟ್ ದಾಟದಂತೆ ನೋಡಿಕೊಳ್ಳಿ.

ಇನ್ನು ಅಮ್ಲೋಡಿಪಿನ್ ರಿಕವರಿಯ 103–104%. ಬೇಸ್-ಲವಣದ ಗುಣಕ ಮರೆತಿದ್ದರೆ ಸುಮಾರು 139% ಬರುತ್ತಿತ್ತು, ಆದ್ದರಿಂದ ಅದಲ್ಲ. ಮೂರು ಕಾರಣಗಳು ಸಾಧ್ಯ, ಒಂದಕ್ಕಿಂತ ಹೆಚ್ಚು ಒಟ್ಟಿಗೆ ಇದ್ದರೂ ಆಶ್ಚರ್ಯವಿಲ್ಲ. ಮೊದಲನೆಯದು ಬೆಳಕು. ಅಮ್ಲೋಡಿಪಿನ್‌ನ ಡೈಹೈಡ್ರೋಪಿರಿಡಿನ್ ಉಂಗುರ ಬೆಳಕಿಗೆ ಪಿರಿಡಿನ್ ಆಗಿ ಬದಲಾಗುತ್ತದೆ. ಫಾರ್ಮಕೋಪಿಯಾಗಳಲ್ಲಿ ಇಂಪ್ಯುರಿಟಿ ಡಿ ಎಂದು ಕರೆಯುವುದು ಅದನ್ನೇ. ಬೆಳಿಗ್ಗೆ ಮಾಡಿದ ಸ್ಟಾಂಡರ್ಡ್ ಬಿಳಿ ಗಾಜಿನ ಫ್ಲಾಸ್ಕ್‌ನಲ್ಲಿ ಕಿಟಕಿ ಪಕ್ಕ ಕೂತು ಮಧ್ಯಾಹ್ನ ಮಾಡಿದ ಸ್ಯಾಂಪಲ್ ಜೊತೆ ಹೋಲಿಕೆಗೆ ಬಂದರೆ, ಸ್ಟಾಂಡರ್ಡ್ ಕುಸಿದಷ್ಟೂ ಸ್ಯಾಂಪಲ್ ಹೆಚ್ಚಾಗಿ ಕಾಣುತ್ತದೆ. ಆಂಬರ್ ಫ್ಲಾಸ್ಕ್, ಆಂಬರ್ ವಯಲ್, ಇಲ್ಲದಿದ್ದರೆ ಅಲ್ಯುಮಿನಿಯಂ ಫಾಯಿಲ್. ಪ್ರತಿ ಆರೇಳು ಸ್ಯಾಂಪಲ್‌ಗೆ ಒಮ್ಮೆ ಸ್ಟಾಂಡರ್ಡ್ ಮತ್ತೆ ಇಂಜೆಕ್ಟ್ ಮಾಡಿ, ಕುಸಿತ ಇದ್ದರೆ ಕಣ್ಣಿಗೆ ಕಾಣುತ್ತದೆ.

ಎರಡನೆಯದು ನೀವು ಸ್ಟಾಂಡರ್ಡ್ ಸೇರಿಸಿದ ರೀತಿ. ಮಾತ್ರೆಯ ಪುಡಿಯಲ್ಲಿ ಆಗಲೇ 100% ಇದೆ. ಅದಕ್ಕೆ 80, 100, 120 ಸೇರಿಸಿದರೆ ನಿಜವಾದ ಮಟ್ಟ 180, 200, 220%. ನಿಮ್ಮ ಲೀನಿಯಾರಿಟಿ 150ರ ತನಕ ಹೋಗಿದ್ದರೂ ಅದರ ಹೊರಗೆ ನಿಂತು ಅಳೆಯುತ್ತಿದ್ದೀರಿ. ಇಷ್ಟು ಸರಳವಾದ ತಪ್ಪು ಇಷ್ಟು ಥೀಸಿಸ್‌ಗಳಲ್ಲಿ ಕಣ್ತಪ್ಪಿ ಹೋಗುವುದೇ ಸೋಜಿಗ. ಸರಿಯಾದ ದಾರಿ ಪ್ಲಾಸಿಬೊ, ಅಂದರೆ ಔಷಧವಿಲ್ಲದ ಮಾತ್ರೆಯ ಪುಡಿ. ನಿಮ್ಮ ಫಾರ್ಮಾಸ್ಯುಟಿಕ್ಸ್ ವಿಭಾಗದಲ್ಲಿ ಕೇಳಿ ಮಾಡಿಸಿಕೊಳ್ಳಿ. ಟೆಲ್ಮಿಸಾರ್ಟನ್ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಇರುವ ಮೆಗ್ಲುಮಿನ್, ಸೋಡಿಯಂ ಹೈಡ್ರಾಕ್ಸೈಡ್, ಪೊವಿಡೋನ್, ಮೆಗ್ನೀಸಿಯಂ ಸ್ಟಿಯರೇಟ್ ಅದರಲ್ಲಿ ಇರಲಿ. ಅದಕ್ಕೆ ಎರಡೂ ಔಷಧಗಳನ್ನು 80, 100, 120% ಮಟ್ಟದಲ್ಲಿ ಸೇರಿಸಿ, ಮಟ್ಟಕ್ಕೆ ಮೂರರಂತೆ ಒಂಬತ್ತು ಸ್ಯಾಂಪಲ್. ಪ್ಲಾಸಿಬೊ ಸಿಗದೇ ಹೋದರೆ ಅರ್ಧ ಮಾತ್ರೆಯಷ್ಟು ಪುಡಿಗೆ 30, 50, 70% ಸೇರಿಸಿ. ಒಟ್ಟು 80, 100, 120 ಆಗುತ್ತದೆ.

ಮೂರನೆಯದು ಸೋನಿಕೇಟರ್. ಇಪ್ಪತ್ತು ನಿಮಿಷ ಸೋನಿಕೇಟ್ ಮಾಡಿದ ಫ್ಲಾಸ್ಕ್ ಬೆಚ್ಚಗಿರುತ್ತದೆ, ಮೆಥನಾಲ್ ಉಬ್ಬಿರುತ್ತದೆ. ಹಾಗೆಯೇ ಗೆರೆಗೆ ತುಂಬಿಸಿದರೆ ತಣಿದ ಮೇಲೆ ಗಾತ್ರ ಕಡಿಮೆ, ಸಾಂದ್ರತೆ ಹೆಚ್ಚು. ಬಾತ್‌ನ ನೀರಿಗೆ ಮಂಜುಗಡ್ಡೆ ಹಾಕಿ, ಫ್ಲಾಸ್ಕನ್ನು ಮುಕ್ಕಾಲು ಮಾತ್ರ ತುಂಬಿಸಿ ಸೋನಿಕೇಟ್ ಮಾಡಿ, ಕೋಣೆಯ ಉಷ್ಣತೆಗೆ ಬಂದ ಮೇಲೆ ಗೆರೆಗೆ ತನ್ನಿ. ಫಿಲ್ಟರ್ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಮೋಸ ಮಾಡುತ್ತದೆ, ಔಷಧವನ್ನು ಹೀರಿಕೊಂಡು ಕಡಿಮೆ ತೋರಿಸುತ್ತದೆ. ಸ್ಟಾಂಡರ್ಡನ್ನೇ ನೈಲಾನ್ ಮತ್ತು ಪಿವಿಡಿಎಫ್ ಫಿಲ್ಟರ್‌ಗಳಲ್ಲಿ ಸೋಸಿ, ಮೊದಲ 2, 5 ಮಿ.ಲೀ. ಚೆಲ್ಲಿ, ಸೋಸದ ಸ್ಟಾಂಡರ್ಡ್ ಜೊತೆ ಹೋಲಿಸಿ. ಅರ್ಧ ದಿನದ ಕೆಲಸ.

ನಮ್ಮ ಕರಾವಳಿಯ ಹವೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಟೆಲ್ಮಿಸಾರ್ಟನ್ ಮಾತ್ರೆ ತೇವ ಹೀರುವ ಜಾತಿ. ಜೂನ್ ಬಂದ ಮೇಲೆ ಬ್ಲಿಸ್ಟರ್ ಬಿಚ್ಚಿ ಬಟ್ಟಲಲ್ಲಿ ಇಟ್ಟ ಮಾತ್ರೆಗೂ ಡಬ್ಬದ ಮುಚ್ಚಳ ತೆರೆದಿಟ್ಟ ಹಲಸಿನ ಹಪ್ಪಳಕ್ಕೂ ವ್ಯತ್ಯಾಸವಿಲ್ಲ. ತಕ್ಕಡಿಯ ಮುಂದೆ ಕೂತ ಮೇಲೆ ಬಿಚ್ಚಿ, 20 ಮಾತ್ರೆಗಳ ಸರಾಸರಿ ತೂಕ ತೆಗೆದು, ಬೇಗ ಪುಡಿ ಮಾಡಿ, ಬಿಗಿ ಮುಚ್ಚಳದ ಸೀಸೆಗೆ ಹಾಕಿ, ಅದೇ ಗಂಟೆಯೊಳಗೆ ತೂಗಿ. ಸರಾಸರಿ ತೂಕ ಬೆಳಿಗ್ಗೆಯದು, ಪುಡಿ ಸಂಜೆಯದು ಎಂದಾದರೆ ಅಸ್ಸೇ ಕಡಿಮೆ ಬರುತ್ತದೆ. ಫ್ರಿಜ್‌ನಿಂದ ತೆಗೆದ ಸ್ಟಾಂಡರ್ಡ್ ವಯಲನ್ನು ಡೆಸಿಕೇಟರ್‌ನಲ್ಲಿಟ್ಟು ಕೋಣೆಯ ಉಷ್ಣತೆಗೆ ಬರುವ ತನಕ ತೆರೆಯಬೇಡಿ, ಒಳಗೆ ನೀರು ಇಳಿಯುತ್ತದೆ.

ಇಷ್ಟಾದ ಮೇಲೆ ಸ್ಟ್ರೆಸ್ ಸ್ಟಡಿ, ಅಂದರೆ ಔಷಧವನ್ನು ಬೇಕೆಂದೇ ಒಡೆದು ನೋಡುವುದು. 0.1 ನಾರ್ಮಲ್ ಆಸಿಡ್, 0.1 ನಾರ್ಮಲ್ ಕ್ಷಾರ, 3% ಹೈಡ್ರೋಜನ್ ಪೆರಾಕ್ಸೈಡ್, ಒಣ ಬಿಸಿ, ಬೆಳಕು. ಬೆಳಕಿಗೆ ಐಸಿಎಚ್ (ಔಷಧ ಮಾರ್ಗಸೂಚಿ ರೂಪಿಸುವ ಅಂತರರಾಷ್ಟ್ರೀಯ ಸಂಸ್ಥೆ) ಹೇಳುವುದು 12 ಲಕ್ಷ ಲಕ್ಸ್-ಗಂಟೆ. ಗುರಿ 5ರಿಂದ 20% ಒಡೆಯುವುದು. ಪೂರ್ತಿ ಒಡೆದರೆ ಅದರಿಂದ ತಿಳಿಯುವುದೇನೂ ಇಲ್ಲ, ಒಡೆದದ್ದರ ಒಡೆದದ್ದು ಕಾಣುತ್ತದೆ ಅಷ್ಟೇ. ಎರಡು ಔಷಧ ಬೇರೆ ಬೇರೆ, ಮಾತ್ರೆ, ಪ್ಲಾಸಿಬೊ, ಪೆರಾಕ್ಸೈಡ್ ಬ್ಲಾಂಕ್, ಎಲ್ಲವೂ ಇರಲಿ. ಆಸಿಡ್-ಕ್ಷಾರದವನ್ನು ಇಂಜೆಕ್ಟ್ ಮಾಡುವ ಮೊದಲು ತಟಸ್ಥ ಮಾಡಿ. ಪಿಡಿಎಯ ಪೀಕ್ ಪ್ಯೂರಿಟಿಯನ್ನು ಕಣ್ಣುಮುಚ್ಚಿ ನಂಬಬೇಡಿ. ಹೋಲುವ ಸ್ಪೆಕ್ಟ್ರಂ ಇರುವ ಇಂಪ್ಯುರಿಟಿ ಒಳಗೆ ಅಡಗಿದರೆ ಅದಕ್ಕೆ ಗೊತ್ತಾಗದು. ಪಿಎಚ್ ಅಥವಾ ಆರ್ಗಾನಿಕ್ ಬದಲಿಸಿದ ಇನ್ನೊಂದು ಮೆಥಡ್‌ನಲ್ಲಿ ಅದೇ ಸ್ಯಾಂಪಲ್ ಒಮ್ಮೆ ಓಡಿಸಿ ನೋಡುವುದು ಹೆಚ್ಚು ಭರವಸೆಯದು.

ರೋಬಸ್ಟ್‌ನೆಸ್ಸನ್ನು ನೀವು ಕೊನೆಗೆ ಇಟ್ಟಿದ್ದೀರಿ. ಅದು ಇಲ್ಲಿ, ಡೆವಲಪ್‌ಮೆಂಟ್ ಮುಗಿಯುವ ಹೊತ್ತಿಗೆ ಬರಬೇಕು. ನವೆಂಬರ್ 2023ರಲ್ಲಿ ಐಸಿಎಚ್ ಅಂಗೀಕರಿಸಿದ ಕ್ಯೂ2(ಆರ್2) (ವ್ಯಾಲಿಡೇಶನ್ ಕುರಿತದ್ದು) ಮತ್ತು ಕ್ಯೂ14 (ಡೆವಲಪ್‌ಮೆಂಟ್ ಕುರಿತದ್ದು) ಮಾರ್ಗಸೂಚಿಗಳ ಧೋರಣೆಯೂ ಅದೇ. ಪಿಎಚ್ 2.3 ಮತ್ತು 2.7, ಉಷ್ಣತೆ 35 ಮತ್ತು 45, ಅಸಿಟೋನೈಟ್ರೈಲ್ ಎರಡು ಶೇಕಡಾ ಮೇಲೆ ಕೆಳಗೆ, ಫ್ಲೋ 0.9 ಮತ್ತು 1.1, ತರಂಗಾಂತರ 2 ನ್ಯಾನೊಮೀಟರ್ ಆಚೀಚೆ, ಮತ್ತೆ ಬೇರೆ ಲಾಟ್‌ನ ಕಾಲಂ ಒಂದು. ಇದರಲ್ಲಿ ಬಿದ್ದರೆ ಮೆಥಡ್ ತಿದ್ದಬಹುದು. ವ್ಯಾಲಿಡೇಶನ್ ಮುಗಿಸಿ ಬಿದ್ದರೆ ಎಲ್ಲ ಮೊದಲಿನಿಂದ.

ಇನ್ನುಳಿದ ವ್ಯಾಲಿಡೇಶನ್ ನಿಜಕ್ಕೂ ಒಂದು ವಾರದ ಕೆಲಸ. ಲೀನಿಯಾರಿಟಿಗೆ ಕನಿಷ್ಠ ಐದು ಮಟ್ಟ. ಅಸ್ಸೇಗೆ ರೇಂಜ್ 80ರಿಂದ 120% ಸಾಕು, ಕಂಟೆಂಟ್ ಯುನಿಫಾರ್ಮಿಟಿಗೂ (ಪ್ರತಿ ಮಾತ್ರೆಯಲ್ಲೂ ಔಷಧ ಒಂದೇ ಸಮ ಇದೆಯೇ ಎಂಬ ಪರೀಕ್ಷೆಗೂ) ಇದೇ ಮೆಥಡ್ ಬೇಕಿದ್ದರೆ 70ರಿಂದ 130. 0.9996 ಎಂದು ಹಿಗ್ಗಬೇಡಿ, ಬಾಗಿದ ಗೆರೆಗೂ ಅಂಥ ಅಂಕಿ ಬರುತ್ತದೆ. ರೆಸಿಡ್ಯುಯಲ್ ಪ್ಲಾಟ್ (ಗೆರೆಯಿಂದ ಪ್ರತಿ ಬಿಂದು ಎಷ್ಟು ದೂರ ಎಂಬ ಚಿತ್ರ) ಹಾಕಿ, ಚುಕ್ಕೆಗಳು ಬಿಲ್ಲಿನಂತೆ ಬಾಗಿವೆಯೇ ನೋಡಿ. ಇಂಟರ್‌ಸೆಪ್ಟ್ 100% ಮಟ್ಟದ ಏರಿಯಾದ 2%ನೊಳಗೆ ಇರಲಿ. ಪ್ರಿಸಿಶನ್‌ಗೆ 100%ನಲ್ಲಿ ಆರು ಸ್ಯಾಂಪಲ್, ಪ್ರತಿಯೊಂದೂ ಬೇರೆ ತೂಕ; ಒಂದೇ ವಯಲ್‌ನಿಂದ ಆರು ಇಂಜೆಕ್ಷನ್ ಮಾಡಿದರೆ ಅದು ಇಂಜೆಕ್ಟರ್‌ನ ಪರೀಕ್ಷೆ. ಇನ್ನೊಂದು ದಿನ ನಿಮ್ಮ ಸಹಪಾಠಿ ಬೇರೆ ಕಾಲಂನಲ್ಲಿ ಅದನ್ನೇ ಮಾಡಲಿ. ದ್ರಾವಣಗಳು 24 ಗಂಟೆ ನಿಲ್ಲುತ್ತವೆಯೇ ನೋಡಿ. ಅಸ್ಸೇ ಮೆಥಡ್‌ಗೆ ಎಲ್‌ಒಡಿ, ಎಲ್‌ಒಕ್ಯೂ (ಪತ್ತೆಹಚ್ಚಬಲ್ಲ, ಅಳೆಯಬಲ್ಲ ಅತಿ ಕಡಿಮೆ ಪ್ರಮಾಣ) ಐಸಿಎಚ್ ಕೇಳುವುದೇ ಇಲ್ಲ. ಗೈಡ್ ಕೇಳಿದರೆ ಮಾಡಿ, ವಾದ ಬೇಡ.

ಪ್ರತಿ ದಿನದ ಆರಂಭಕ್ಕೆ ಸಿಸ್ಟಂ ಸೂಟಬಿಲಿಟಿ: ಸ್ಟಾಂಡರ್ಡ್ ಆರು ಇಂಜೆಕ್ಷನ್, ಏರಿಯಾ ಆರ್‌ಎಸ್‌ಡಿ (ಅಳತೆಗಳ ಏರುಪೇರು) 1%ನೊಳಗೆ, ಟೇಲಿಂಗ್ 1.8ರ ಕೆಳಗೆ, ಪ್ಲೇಟ್ (ಕಾಲಂನ ದಕ್ಷತೆಯ ಅಂಕಿ) 2000ಕ್ಕಿಂತ ಹೆಚ್ಚು. ಇದು ಬಾರದ ದಿನ ಸ್ಯಾಂಪಲ್ ಹಾಕಬೇಡಿ.

ಬಫರನ್ನು ಎರಡು ದಿನಕ್ಕಿಂತ ಇಡಬೇಡಿ, ಹಳೆಯದರ ಮೇಲೆ ಹೊಸದನ್ನು ತುಂಬಿಸಬೇಡಿ. ಈ ಹವೆಗೆ ಪಾಚಿ ಬೇಗ ಕಟ್ಟುತ್ತದೆ, ಮೊದಲು ಗೊತ್ತಾಗುವುದು ಏರುವ ಪ್ರೆಶರ್‌ನಿಂದ. ಸಂಜೆ ಮುಗಿಸುವಾಗ ಮೊದಲು ಅರ್ಧ ಗಂಟೆ ನೀರು ಮತ್ತು ಅಸಿಟೋನೈಟ್ರೈಲ್ 90:10, ಆಮೇಲೆ ಅಸಿಟೋನೈಟ್ರೈಲ್ ಹೆಚ್ಚಿರುವ ಮಿಶ್ರಣ. ಗುಡುಗಿನ ದಿನ ಮೆಸ್ಕಾಂ ಕರೆಂಟ್ ಹೋಗಿ ಯುಪಿಎಸ್ ಕೈಕೊಟ್ಟರೆ, ಬಂದ ಕೂಡಲೇ ಇದೇ ತೊಳೆಯುವ ಕೆಲಸದಿಂದ ಶುರುಮಾಡಿ, ಒಳಗೆ ನಿಂತ ಫಾಸ್ಫೇಟ್ ಪಿಸ್ಟನ್ ಸೀಲನ್ನು ಗೀರುತ್ತದೆ.

ಜನವರಿಯ ಡೇಟಾ ಅಳಿಸಬೇಡಿ, ಹೊಸದರ ಜೊತೆ ಕಲಸಲೂ ಬೇಡಿ. ಪಿಎಚ್, ಉಷ್ಣತೆ, ಡೈಲ್ಯುಯೆಂಟ್ ಮೂರೂ ಬದಲಾದ ಮೇಲೆ ಅದು ಬೇರೆ ಮೆಥಡ್. ಥೀಸಿಸ್‌ನ ಡೆವಲಪ್‌ಮೆಂಟ್ ಅಧ್ಯಾಯದಲ್ಲಿ ಹಳೆಯ ಕ್ರೋಮ್ಯಾಟೋಗ್ರಾಂ ಹಾಕಿ, ಪಕ್ಕದಲ್ಲಿ ಮೇ ತಿಂಗಳ ಓವನ್ ಉಷ್ಣತೆಯ ಟಿಪ್ಪಣಿ ಹಾಕಿ, 4.5 ಯಾಕೆ ಬಿಟ್ಟಿರಿ ಎಂದು ಒಂದು ಪುಟ ಬರೆಯಿರಿ. ಲೀನಿಯಾರಿಟಿಯನ್ನೂ ಹೊಸದಾಗಿ ಮಾಡಲೇಬೇಕು.